ಬೀಗತನದ ಬಾಳಿಕೆ

ವಂಶ ಉಳಿಯಬೇಕಾದರೆ ಮನೆ ತುಂಬ ಮಕ್ಕಳಿರಬೇಕು, ಅವರಿಗೆ ಒಳ್ಳೆಯ ಕಡೆ ಸಂಬಂಧ ಕೂಡಿಬರಬೇಕು. ಪೋಲೆಂಡಿನ ಯಾಗೆಲ್ಲೋನ್ ಮನೆತನಕ್ಕೆ ಎರಡಕ್ಕೂ ಬರವಿರಲಿಲ್ಲ. ನಾಲ್ಕನೆಯ ಕಾಜಿಮಿರನ ರಾಣಿ, ಹ್ಯಾಬ್ಸ್‌ಬರ್ಗ್ ಮನೆಯ ಎಲಿಜಬೆತ್, ಹದಿಮೂರು ಮಕ್ಕಳ ತಾಯಿ. ಗಂಡುಮಕ್ಕಳಲ್ಲಿ ನಾಲ್ವರು ರಾಜರಾದರು, ಒಬ್ಬ ಕಾರ್ಡಿನಲ್, ಒಬ್ಬ ಸಂತ. ಹೆಣ್ಣುಮಕ್ಕಳು ಬವೇರಿಯಾ, ಸ್ಯಾಕ್ಸನಿ, ಪೊಮೆರೇನಿಯಾಗಳ ಅರಮನೆಗೆ ಸೊಸೆಯರಾಗಿ ಹೋದರು. ಕಾಜಿಮಿರ್ ತೀರಿಕೊಂಡದ್ದು 1492ರಲ್ಲಿ. ಅಲ್ಲಿಂದ ಎಂಬತ್ತು ವರ್ಷಕ್ಕೆ, 1572ರ ಜುಲೈನಲ್ಲಿ, ಮೊಮ್ಮಗ ಸಿಗಿಸ್ಮಂಡ್ ಆಗಸ್ಟ್ ಕಣ್ಣುಮುಚ್ಚಿದ. ಗಂಡು ಕುಡಿ ಅಲ್ಲಿಗೆ ಮುಗಿಯಿತು.

ಅನಿತ್ಯವೆಂದೊಡನೆ ಪಿಡುಗು, ಪಾಳುಕೋಟೆ ನೆನಪಾಗುತ್ತವೆ. ಈ ಮನೆತನದ ಮಟ್ಟಿಗೆ ನನ್ನನ್ನು ಕಾಡುವುದು ಒಂದು ಮದುವೆಯ ಕರಾರು.

1515ರ ಜುಲೈ 22, ವಿಯೆನ್ನಾದ ಸಂತ ಸ್ಟೀಫನ್ನರ ಇಗರ್ಜಿ. ಕಾಜಿಮಿರನ ಹಿರಿಮಗ, ಬೊಹೀಮಿಯಾ ಮತ್ತು ಹಂಗೇರಿಗಳ ರಾಜ ವ್ಲಾದಿಸ್ಲಾವ್, ತನ್ನ ಇಬ್ಬರು ಮಕ್ಕಳನ್ನೂ ಕರೆತಂದಿದ್ದ. ಒಂಬತ್ತರ ಲುಯಿಗೆ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ ಮೊಮ್ಮಗಳು, ಅದೇ ವಯಸ್ಸಿನ ಮರಿಯಾ. ಲುಯಿಯ ಅಕ್ಕ ಆನ್ನಾಳಿಗೆ ಮರುದಿನ ಹನ್ನೆರಡು ತುಂಬಬೇಕು. ಅವಳ ಪಕ್ಕದಲ್ಲಿ ಮದುವಣಿಗನ ಜಾಗದಲ್ಲಿ ನಿಂತವನು ಐವತ್ತಾರರ ಮ್ಯಾಕ್ಸಿಮಿಲಿಯನ್! ಇಬ್ಬರು ಮೊಮ್ಮಕ್ಕಳಲ್ಲಿ ಒಬ್ಬನ ಪರವಾಗಿ ನಿಂತಿದ್ದ. ಯಾರ ಪರವಾಗಿ ಎಂಬುದಿನ್ನೂ ತೀರ್ಮಾನವಾಗಿರಲಿಲ್ಲ. ಗಂಡ ಯಾರೆಂದು ತಿಳಿಯದೆಯೇ ಆ ಹುಡುಗಿಯ ಮದುವೆ ನಡೆದುಹೋಯಿತು.

ಬೀಗರಿಬ್ಬರ ಮನಸ್ಸಿನಲ್ಲೂ ಇದ್ದ ಎಣಿಕೆ ಒಂದೇ: ಆ ಮನೆಯಲ್ಲಿ ಸಂತಾನ ನಿಂತರೆ ರಾಜ್ಯ ಈ ಮನೆಗೆ. ದಾಳ ಯಾವ ಕಡೆಗಾದರೂ ಬೀಳಬಹುದಿತ್ತು. 1526ರ ಆಗಸ್ಟ್ 29ರಂದು ಬಿತ್ತು. ಮೊಹಾಚ್ ಬಯಲಿನಲ್ಲಿ ಸುಲ್ತಾನ್ ಸುಲೇಮಾನನಿಗೆ ಸೋತು ಹಿಂದೆ ಸರಿಯುವಾಗ ಲುಯಿ ಹಳ್ಳವೊಂದರಲ್ಲಿ ಮುಳುಗಿ ಸತ್ತ. ಇಪ್ಪತ್ತರ ಹುಡುಗ, ಮಕ್ಕಳಿಲ್ಲ. ಅವನ ಅಜ್ಜನ ಅಣ್ಣನೂ 1444ರಲ್ಲಿ ವಾರ್ನಾದಲ್ಲಿ ತುರ್ಕರ ಎದುರು ಬಿದ್ದಾಗ ಇಪ್ಪತ್ತೇ. ಲುಯಿಯ ಎರಡೂ ಕಿರೀಟಗಳು ಅಷ್ಟರಲ್ಲಿ ಆನ್ನಾಳ ಗಂಡನೆಂದು ಗೊತ್ತಾಗಿದ್ದ ಫರ್ಡಿನೆಂಡನ ಪಾಲಾದವು. ಹಂಗೇರಿಯಲ್ಲಿ ಬೇರೊಬ್ಬ ಹಕ್ಕುದಾರ ಎದ್ದ, ಆ ಜಗಳ ಇಲ್ಲಿ ಬೇಡ.

ಆನ್ನಾ ಹದಿನೈದು ಮಕ್ಕಳನ್ನು ಹೆತ್ತಳು. ತವರಿನ ರಕ್ತ ಬತ್ತಲಿಲ್ಲ. ಗಂಡನ ಮನೆಯ ಹೆಸರಿನಲ್ಲಿ ಹರಿಯತೊಡಗಿತು. ಅವಳ ಮಗಳು ಎಲಿಜಬೆತ್, ಕೆಲವು ವರ್ಷಗಳ ಮೇಲೆ ಇನ್ನೊಬ್ಬ ಮಗಳು ಕ್ಯಾಥರೀನ್, ಸಿಗಿಸ್ಮಂಡ್ ಆಗಸ್ಟನನ್ನೇ ಮದುವೆಯಾದರು. ಅವನಿಗೆ ಆನ್ನಾ ದೊಡ್ಡಪ್ಪನ ಮಗಳು. ನಮ್ಮ ಕಡೆಯ ಲೆಕ್ಕದಲ್ಲಿ ಅಕ್ಕನ ಮಕ್ಕಳನ್ನೇ ತಂದುಕೊಂಡ ಹಾಗಾಯಿತು. ನಡುವೆ ಅವನು ಮೆಚ್ಚಿ, ಗುಟ್ಟಾಗಿ ಕೈಹಿಡಿದ ಬಾರ್ಬರಾ ರಾಜಿವಿಲ್ ಪಟ್ಟವಾಗಿ ಐದೇ ತಿಂಗಳಿಗೆ, 1551ರಲ್ಲಿ, ತೀರಿಕೊಂಡಳು. ಮೂವರು ಹೆಂಡಿರು, ತೊಟ್ಟಿಲು ಖಾಲಿ.

ಉಳಿದದ್ದು ಅಕ್ಕತಂಗಿಯರು. ಹೆಸರಿನಲ್ಲಿ ಆನ್ನಾಳೇ ಆದ ತಂಗಿಯನ್ನು ಯಾರೂ ಲಗ್ನಕ್ಕೆ ಕೇಳಿರಲಿಲ್ಲವೆಂದಲ್ಲ, ಯಾವುದೂ ಕೂಡಿಬರಲಿಲ್ಲ. ಕೊನೆಗೆ ಐವತ್ತು ದಾಟಿದ ಮೇಲೆ, 1576ರಲ್ಲಿ, ತನಗಿಂತ ಹತ್ತು ವರ್ಷ ಚಿಕ್ಕವನಾದ ಸ್ಟೀಫನ್ ಬಾಥೋರಿಯನ್ನು ಮದುವೆಯಾಗಿ ಪಟ್ಟವೇರಿದಳು. ಅವನು ಸತ್ತ ಮೇಲೆ ತನ್ನ ತಂಗಿ ಕ್ಯಾಥರೀನಳ ಮಗನಿಗಾಗಿ ಪಟ್ಟುಹಿಡಿದಳು. 1587ರಲ್ಲಿ ಅವನೇ ಆಯ್ಕೆಯಾದ: ಸ್ವೀಡನ್ನಿನ ವಾಸಾ ಮನೆತನದವನು, ಅಪ್ಪ ಅಮ್ಮ ಸೆರೆಯಲ್ಲಿದ್ದ ಕೋಟೆಯಲ್ಲಿ ಹುಟ್ಟಿದವನು. ಅವನಿಗಿಟ್ಟಿದ್ದುದು ತಾಯಿಯ ತಂದೆಯ ಹೆಸರು, ಸಿಗಿಸ್ಮಂಡ್.