ಬೇರೆಯವರಿಗೆಂದು ಬಿಟ್ಟ ಜಾಗ

ಎಂಟು ಸಿಲಿಂಡರು ನಾಲ್ಕಕ್ಕಿಂತ ಹೆಚ್ಚು ತೂಗಬೇಕು, ಅದು ಯಾರಿಗೂ ಹೊಳೆಯುವ ಲೆಕ್ಕ. ಆದರೆ ಇಂಗ್ಲೆಂಡಿನ ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರಿನ ನಾಲ್ಕು ಸಿಲಿಂಡರಿನ ಇಂಜಿನ್ನನ್ನು ಚೈನ್ ಪುಲ್ಲಿ ಹಾಕಿ ಮೇಲೆತ್ತಿ, ಖಾಲಿಯಾದ ಗೂಡಿಗೆ ರೋವರ್ ಕಾರಿನ ವಿ8 ಇಳಿಸಿದವರಿಗೆ ಬೇರೆಯದೇ ಅನುಭವ. ಕಾರಿನ ಮೂತಿ ಕುಸಿಯುವುದಿಲ್ಲ. ಹೊರಬಂದದ್ದು 1798 ಸಿಸಿಯ ಎರಕದ ಕಬ್ಬಿಣ. ಒಳಹೋದದ್ದು 3528 ಸಿಸಿಯ ಅಲ್ಯೂಮಿನಿಯಂ. ಗಾತ್ರ ಸುಮಾರು ಇಮ್ಮಡಿ, ತೂಕ ಹೆಚ್ಚುಕಡಿಮೆ ಅಷ್ಟೇ. ನನ್ನನ್ನು ಈ ಕಸುಬಿನ ಕಡೆಗೆ ಸೆಳೆದದ್ದು ಅದು ಕೊಡುವ ವೇಗವಲ್ಲ, ಈ ತಕ್ಕಡಿ. ಒಬ್ಬರನ್ನೊಬ್ಬರು ಅರಿಯದ ಎರಡು ಕಾರ್ಖಾನೆಗಳವರು, ಎರಡು ಖಂಡಗಳಲ್ಲಿ, ಬೇರೆಬೇರೆ ಉದ್ದೇಶಕ್ಕೆ ಮಾಡಿದ ವಸ್ತುಗಳು ಹೀಗೆ ಹೊಂದಿಕೊಂಡದ್ದು ಹೇಗೆ?

ಆ ವಿ8 ಹುಟ್ಟಿದ್ದು ರೋವರಿನಲ್ಲಲ್ಲ, ಅಮೆರಿಕದ ಜನರಲ್ ಮೋಟರ್ಸಿನಲ್ಲಿ. 1961ರ ಸಣ್ಣ ಬ್ಯೂಕ್ ಕಾರಿಗೆಂದು ಮಾಡಿದ್ದು. ಅಲ್ಯೂಮಿನಿಯಂ ಎರಕ ಹೊಯ್ಯುವುದು ದುಬಾರಿ. ಎಷ್ಟೋ ಬ್ಲಾಕುಗಳಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿದುಬಿಡುತ್ತಿದ್ದವು. ಅಷ್ಟರಲ್ಲಿ ತೆಳುವಾದ ಕಬ್ಬಿಣದ ಎರಕ ಅಗ್ಗವಾಗಿ ಕೈಗೆ ಬಂತು. 1963ಕ್ಕೆ ಬ್ಯೂಕ್ ಅದನ್ನು ಕೈಬಿಟ್ಟಿತು. ರೋವರಿನ ಮುಖ್ಯಸ್ಥ ವಿಲಿಯಂ ಮಾರ್ಟಿನ್-ಹರ್ಸ್ಟ್ ಬೇರೇನೋ ವ್ಯಾಪಾರಕ್ಕೆಂದು ವಿಸ್ಕಾನ್ಸಿನ್ನಿನ ಮರ್ಕ್ಯುರಿ ಮರೀನ್ ಎಂಬ ದೋಣಿ ಮೋಟರಿನ ಕಂಪನಿಗೆ ಹೋಗಿದ್ದಾಗ, ಅಲ್ಲಿನ ವರ್ಕ್‌ಶಾಪಿನಲ್ಲಿ ಇದು ಕಣ್ಣಿಗೆ ಬಿತ್ತು. 1965ರಲ್ಲಿ ರೋವರ್ ಅದರ ಹಕ್ಕು ಪಡೆಯಿತು. ಬ್ಯೂಕಿನಲ್ಲಿ ಅದನ್ನು ರೂಪಿಸಿದ್ದ ಜೋ ಟರ್ಲೆ, ನಿವೃತ್ತಿಯ ಅಂಚಿನಲ್ಲಿದ್ದವರು, ತಮ್ಮ ಕೂಸಿನ ಹಿಂದೆಯೇ ಇಂಗ್ಲೆಂಡಿಗೆ ಬಂದರು. ಅದೇ ಕುಟುಂಬದ ಓಲ್ಡ್ಸ್‌ಮೊಬೈಲ್ ಬ್ಲಾಕನ್ನು ಹಿಡಿದು ಆಸ್ಟ್ರೇಲಿಯಾದ ರೆಪ್ಕೊ ಕಟ್ಟಿದ ರೇಸ್ ಇಂಜಿನ್ನಿನಿಂದ ಜಾಕ್ ಬ್ರಾಬಮ್ 1966ರ ಫಾರ್ಮುಲಾ ಒನ್ ಚಾಂಪಿಯನ್ ಆದದ್ದು ಇನ್ನೊಂದು ಕತೆ. ಲಾಭವಿಲ್ಲವೆಂದು ಎರಡು ಮೂರು ವರ್ಷಕ್ಕೇ ತಳ್ಳಿದ ಇಂಜಿನ್ನು ಲ್ಯಾಂಡ್ ರೋವರುಗಳಲ್ಲಿ ಈ ಶತಮಾನದವರೆಗೂ ಗುಡುಗಿತು!

ಇತ್ತ 1962ರ ಎಂಜಿಬಿ. ಅದರ ಇಂಜಿನ್ ಗೂಡು ಅದರ ಇಂಜಿನ್ನಿಗೆ ಬೇಕಾದುದಕ್ಕಿಂತ ಅಗಲ. ಕಂಪನಿ ಆಗ ಒಂದು ವಿ4 ಇಂಜಿನ್ ಮಾಡುವ ಯೋಚನೆಯಲ್ಲಿತ್ತು, ಅದಕ್ಕೆಂದೇ ಜಾಗ ಬಿಟ್ಟಿದ್ದರು ಎಂದು ಎಂಜಿಯ ಚರಿತ್ರೆ ಬಲ್ಲವರು ಹೇಳುತ್ತಾರೆ. ಆ ವಿ4 ಬರಲೇ ಇಲ್ಲ. ಯಾರಿಗೆಂದು ಎಲೆ ಹಾಕಿಟ್ಟರೋ ಆ ನೆಂಟ ಬಾರದೆ, ಆ ಎಲೆಯ ಮುಂದೆ ದಾರಿಹೋಕನೊಬ್ಬ ಬಂದು ಕೂತಂತಾಯಿತು. 1970ರ ಸುಮಾರಿಗೆ ಕೆನ್ ಕಾಸ್ಟೆಲ್ಲೊ ಎಂಬ ರೇಸುಗಾರ ತನ್ನ ಗ್ಯಾರೇಜಿನಲ್ಲಿ ಎಂಜಿಬಿಗಳಿಗೆ ಈ ವಿ8 ಕೂರಿಸಿ ಮಾರತೊಡಗಿದ. ಕಂಪನಿಯವರೇ ಅವನ ಕಾರು ತರಿಸಿ ನೋಡಿದರು. 1973ರಲ್ಲಿ ತಾವೂ ಮಾಡಿದರು. 1976ರವರೆಗೆ 2591 ಕಾರು, ಅಷ್ಟೇ. ನನಗೆ ಹೆಚ್ಚು ಇಷ್ಟವಾಗುವುದು ಆಮೇಲಿನ ಸಂಗತಿ. ವಿ8ಕ್ಕಾಗಿ ತಿದ್ದಿದ ಗೂಡನ್ನೇ ಮಾಮೂಲಿ ಎಂಜಿಬಿಗಳಿಗೂ ಕೊಟ್ಟುಬಿಟ್ಟಿದ್ದರು. ಹಾಗಾಗಿ 1980ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ಅಲ್ಲಿಂದ ಹೊರಟ ಕಾರುಗಳು, ತಮ್ಮಲ್ಲಿ ಎಂದೂ ಇಲ್ಲದ ಇಂಜಿನ್ನಿನ ಅಳತೆಯನ್ನು ಹೊತ್ತುಕೊಂಡೇ ಹೋದವು.

ಮನೆಯ ಶೆಡ್ಡಿನಲ್ಲಿ ಈ ಕೆಲಸಕ್ಕೆ ಕೈಹಾಕುವವರಿಗೆ ಒಳ್ಳೆಯ ದಾನಿ ಎಂದರೆ 1976ರಲ್ಲಿ ಬಂದ ರೋವರ್ ಎಸ್‌ಡಿ1. ಅದರ ಬಾಡಿ ತುಕ್ಕಿಗೆ ಬೇಗ ಸೋಲುತ್ತಿತ್ತು, ಇಂಜಿನ್ನು ಸೋಲುತ್ತಿರಲಿಲ್ಲ. ಗುಜರಿಯಿಂದ ಇಂಜಿನ್ನೂ ಐದು ಗೇರಿನ ಗೇರ್‌ಬಾಕ್ಸೂ ಜೋಡಿಯಾಗಿಯೇ ಬರುತ್ತವೆ. ಅಲ್ಲಿಂದ ಶುರು ಪೇಚಾಟ. ಎಕ್ಸಾಸ್ಟ್ ಪೈಪು ಹೊರಡುವ ಕಡೆಯೇ ಸ್ಟೇರಿಂಗ್ ಕಂಬಿ ಅಡ್ಡ ನಿಂತಿರುತ್ತದೆ. ಆಯಿಲ್ ಫಿಲ್ಟರಿಗೆ ಇರುವ ಕಡೆ ಜಾಗವಿಲ್ಲ. ಅದನ್ನು ಎಲ್ಲೋ ದೂರ ಕೂರಿಸಿ ಪೈಪು ಎಳೆಯಬೇಕು. ರೇಡಿಯೇಟರು ಮುಂದೆ ಸರಿಯಬೇಕು, ಗೇರ್‌ಬಾಕ್ಸಿನ ಹೊಟ್ಟೆ ದಪ್ಪವೆಂದು ಸೀಟುಗಳ ನಡುವಿನ ತಗಡನ್ನು ಬಡಿದು ಹಿಗ್ಗಿಸಬೇಕು, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಕತ್ತರಿಸಿ ಬೆಸೆದು ಅಲುಗದಂತೆ ಸಮತೂಕ ಮಾಡಿಸಬೇಕು. ಇಂಜಿನ್ ಬದಲಾಯಿತು ಎಂದು ಒಂದು ಮಾತಿನಲ್ಲಿ ಹೇಳುತ್ತೇವೆ. ನಿಜಕ್ಕೂ ಅದು ಕಾರಿನ ಅಂಗಾಂಗವನ್ನೆಲ್ಲ ಮಾತಾಡಿಸಿ ಒಪ್ಪಿಸುವ ಕೆಲಸ.

ಸ್ಪೀಡೋಮೀಟರನ್ನೂ ಒಪ್ಪಿಸಬೇಕು. ಪಾಪ, ಅದಕ್ಕೆ ರಸ್ತೆ ಕಾಣುವುದಿಲ್ಲ. ಗೇರ್‌ಬಾಕ್ಸಿನ ಬಾಲದಲ್ಲಿ ಶಾಫ್ಟು ಎಷ್ಟು ಸುತ್ತಿತೆಂದು ಕೇಬಲ್ಲು ಹೇಳಿದ್ದನ್ನು ನಂಬಿ ಅದು ಮುಳ್ಳು ತಿರುಗಿಸುತ್ತದೆ. ಹಳೆಯ ಆಕ್ಸಲ್ಲಿನಲ್ಲಿ ಚಕ್ರ ಒಂದು ಸುತ್ತು ಬರಲು ಶಾಫ್ಟು 3.9 ಸುತ್ತು ಹಾಕಬೇಕಿತ್ತು. ವಿ8ರ ಬಲಕ್ಕೆ ತಕ್ಕಂತೆ ಅದನ್ನು 3.07ಕ್ಕೆ ಇಳಿಸುತ್ತಾರೆ. ಮುಳ್ಳು ಹಳೆಯ ಲೆಕ್ಕವನ್ನೇ ಹಿಡಿದು ಕೂತರೆ, ನೂರರಲ್ಲಿ ಓಡುವ ಕಾರು ತಾನು ಎಂಬತ್ತರಲ್ಲಿದ್ದೇನೆಂದು ಭಾವಿಸೀತು. ಮೈಗೆ ಹೊಸ ಕಸುವು ಬಂದದ್ದು ಮುಖಕ್ಕೆ ಇನ್ನೂ ಗೊತ್ತಾಗಿಲ್ಲ!

ಇಷ್ಟೆಲ್ಲ ಆದ ಮೇಲೆ ಅದು ಯಾವ ಕಾರು? ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ದೇವದತ್ತ, ಕಪಿಲರ ತಲೆಗಳು ಅದಲುಬದಲಾದಾಗ ತೀರ್ಪು ತಲೆಯ ಕಡೆಗೆ ಬೀಳುತ್ತದೆ, ಬರುಬರುತ್ತ ದೇಹಗಳೂ ತಮ್ಮ ಮೇಲಿರುವ ತಲೆಗೆ ತಕ್ಕಂತೆ ಮಾರ್ಪಡುತ್ತವೆ. ಕಾರಿನ ತಲೆ ಯಾವುದೋ ನನಗಂತೂ ತಿಳಿಯದು. ಬ್ರಿಟನ್ನಿನ ಸರಕಾರಿ ನೋಂದಣಿ ಕಚೇರಿ ಬಹುಕಾಲ ಇದಕ್ಕೆ ಅಂಕಪಟ್ಟಿಯನ್ನೇ ಇಟ್ಟುಕೊಂಡಿತ್ತು. ಆಮೂಲಾಗ್ರ ಬದಲಾದ ಗಾಡಿ ಹಳೆಯ ನಂಬರನ್ನು ಉಳಿಸಿಕೊಳ್ಳಲು ಕನಿಷ್ಠ 8 ಅಂಕ ಬೇಕಿತ್ತು. ಮೂಲ ಚಾಸಿ ಅಥವಾ ಬಾಡಿಗೆ 5. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೇರಿಂಗ್ ತಲಾ 2. ಇಂಜಿನ್ನಿಗೆ? ಕೇವಲ 1. ನಾವು ಕಾರಿನ ಜೀವವೆಂದು ಕರೆಯುವುದಕ್ಕೆ ಕಾನೂನು ಕೊಟ್ಟ ಬೆಲೆ ಸ್ಟೇರಿಂಗಿನ ಅರ್ಧ. ಮೊದಲ ಸಲ ಓದಿದಾಗ ನಗು ಬಂತು. ಆಮೇಲೆ ಗುಮಾಸ್ತರೇ ತತ್ತ್ವಜ್ಞಾನಿಗಳಿಗಿಂತ ಜಾಣರು ಅನ್ನಿಸಿತು. ಬ್ಯೂಕ್, ದೋಣಿಯ ವರ್ಕ್‌ಶಾಪು, ರೋವರ್, ಎಂಜಿ ಎಂದು ಮನೆಮನೆ ಅಲೆದ ಇಂಜಿನ್ನಿಗೆ ಯಾವ ಮನೆಯ ಹೆಸರೆಂದು ಇಡುವುದು? ಆದರೂ ರಸ್ತೆಯಲ್ಲಿ ಆ ಕಾರು ಹಾದುಹೋದಾಗ ಕಿವಿ ಗುಮಾಸ್ತನ ಮಾತು ಕೇಳುವುದಿಲ್ಲ.

ದಾನಿಯಾದ ಎಸ್‌ಡಿ1ರ ವಿಷಯದಲ್ಲಿ, ನಮ್ಮ ಪಕ್ಕದ ಮದರಾಸಿನಲ್ಲಿ ಈ ಇಂಜಿನ್ ಬದಲಾವಣೆಯ ತಿರುವುಮುರುವು ನಡೆಯಿತು. ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ಆ ರೋವರಿನ ಬಾಡಿಯನ್ನು ತಂದು, ವಿ8 ಬಿಟ್ಟು, ತನ್ನಲ್ಲಿದ್ದ 1991 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನ್ನನ್ನು ಅದರಲ್ಲಿ ಕೂರಿಸಿತು. ಅದು ಯುದ್ಧಾನಂತರದ ವ್ಯಾನ್‌ಗಾರ್ಡ್ ಕಾರಿನ ಕಾಲದ್ದು. ಇಂಗ್ಲೆಂಡಿನಲ್ಲಿ ಹಳೆಯ ಮೈಗೆ ಹೊಸ ಬಲ, ಇಲ್ಲಿ ಹೊಸ ಮೈಗೆ ಮುದಿ ಬಲ. ಸ್ಟ್ಯಾಂಡರ್ಡ್ 2000 ಎಂಬ ಆ ಕಾರು ಮೂರು ವರ್ಷದಲ್ಲಿ ನಿಂತುಹೋಯಿತು. ಉಳಿದ ಬಿಡಿಭಾಗಗಳ ದಾಸ್ತಾನನ್ನು ಒಂದು ಬ್ರಿಟಿಷ್ ಕಂಪನಿ ಸಾರಾಸಗಟು ಕೊಂಡು ಹಡಗು ಹತ್ತಿಸಿತು. ತುಕ್ಕು ಹಿಡಿದ ಎಸ್‌ಡಿ1ಗಳನ್ನು ಗುಜರಿಗೆ ಹಾಕಲು ಮನಸ್ಸಿಲ್ಲದ ಇಂಗ್ಲಿಷರು ಮದರಾಸಿನಿಂದ ಬಂದ ತಗಡು ಜೋಡಿಸಿ ಅವನ್ನು ಉಳಿಸಿಕೊಂಡರು. ಹಾಗೆ ಉಳಿದಷ್ಟು ರೋವರುಗಳು, ಎಂಜಿಬಿಯವರ ಪಾಲಿಗೆ ದಾನಿಗಳಾಗದೆ ತಪ್ಪಿಸಿಕೊಂಡವು.