ಅಕ್ಕನ ತಟ್ಟೆಯ ಅಜಿನೊಮೊಟೊ

ಹೀಗೊಂದು ಪ್ರಕರಣ ಇಟ್ಟುಕೊಳ್ಳೋಣ. ಟೆಕ್ಸಸ್ ರಾಜ್ಯದ ಆಸ್ಟಿನ್ ಪಕ್ಕದ ಬಡಾವಣೆಯಲ್ಲಿ ಒಬ್ಬ ಕನ್ನಡಿಗ ಇದ್ದಾನೆ. ಹಿತ್ತಲಲ್ಲಿ ಸ್ಮೋಕರ್ ಇಟ್ಟುಕೊಂಡು ಓಕ್ ಸೌದೆಯ ಹೊಗೆಯಲ್ಲಿ ಮಾಂಸ ಬೇಯಿಸುವುದನ್ನು ನೆರೆಯವರಿಂದ ಶ್ರದ್ಧೆಯಿಂದ ಕಲಿತವನು. ಮಾಂಸಕ್ಕೆ ಸವರುವ ಒಣ ಮಸಾಲೆಯನ್ನು ಅಲ್ಲಿ ರಬ್ ಅನ್ನುತ್ತಾರೆ. ಇವನದು ಮನೆಯಲ್ಲೇ ಮಾಡಿದ್ದು: ಉಪ್ಪು, ಕರಿಮೆಣಸು, ಪ್ಯಾಪ್ರಿಕಾ, ಕಂದು ಸಕ್ಕರೆ, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಕೊನೆಗೆ ಒಂದು ಟೀ ಚಮಚ ಅಜಿನೊಮೊಟೊ. ಅಷ್ಟೂ ಮಸಾಲೆ ಎಂಟು ಜನರ ಊಟದ ಕೋಳಿಗೆ.

ಒಂದು ಶನಿವಾರ ಗೆಳೆಯನ ಮನೆಯವರನ್ನು ಊಟಕ್ಕೆ ಕರೆದ. ಮಂಡ್ಯದಿಂದ ತಮ್ಮನನ್ನು ನೋಡಲು ಬಂದಿದ್ದ ಗೆಳೆಯನ ಅಕ್ಕನೂ ಜೊತೆಗಿದ್ದರು. ತಟ್ಟೆ ತೆಗೆದುಕೊಳ್ಳುತ್ತಾ ಅವರು ಕೇಳಿದರು: “ಏನೇನ್ ಹಾಕಿದ್ದೀಯಪ್ಪ ಇದಕ್ಕೆ? ಅಜಿನೊಮೊಟೊ ಏನೂ ಹಾಕಿಲ್ಲ ತಾನೆ? ನಂಗದು ಆಗಲ್ಲ, ತಲೆನೋವು ಹಿಡ್ಕೊಂಡ್ರೆ ರಾತ್ರಿಯೆಲ್ಲ ನಿದ್ದೆ ಇಲ್ಲ.”

“ಇಲ್ಲ ಅಕ್ಕ, ಉಪ್ಪು, ಮೆಣಸು, ಬೆಳ್ಳುಳ್ಳಿ ಅಷ್ಟೇ. ಮನೇಲೇ ಮಾಡಿದ್ದು, ನಿಶ್ಚಿಂತೆಯಾಗಿ ಊಟ ಮಾಡಿ.”

ಅಕ್ಕ ಎರಡನೇ ಸಲ ಹಾಕಿಸಿಕೊಂಡು ಉಂಡರು. ತಲೆನೋವು ಬರಲಿಲ್ಲ. ಮರುವಾರ ಇವನು ಗೆಳೆಯನಿಗೆ ನಗುತ್ತಾ ಹೇಳಿದ: “ನಿಮ್ಮಕ್ಕ ತಿಂದಿದ್ದು ಅಜಿನೊಮೊಟೊ ಹಾಕಿದ್ದೇ ಕಣೋ. ಏನಾಯ್ತು? ಎಲ್ಲ ಮನಸ್ಸಿನ ಭ್ರಮೆ.” ಗೆಳೆಯ ನಗಲಿಲ್ಲ. “ನಮ್ಮಕ್ಕ ಊಟಕ್ಕೆ ಬಂದಿದ್ದು ಕಣೋ, ನಿನ್ನ ಪರೀಕ್ಷೆಗೆ ಕೂರೋಕಲ್ಲ” ಅಂದ.

ಮೊದಲು ಆತಿಥೇಯನ ಪರವಾಗಿ ಹೇಳಬೇಕಾದದ್ದನ್ನು ಪೂರ್ತಿ ಹೇಳಿಬಿಡಬೇಕು, ಅದು ಬಹಳಷ್ಟಿದೆ. ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡ 1908ರಲ್ಲಿ ಕೊಂಬು ಎಂಬ ಕಡಲಪಾಚಿಯ ಸಾರಿನ ರುಚಿಗೆ ಕಾರಣ ಹುಡುಕುತ್ತಾ ಗ್ಲುಟಮೇಟನ್ನು ಗುರುತಿಸಿದರು. ಮರುವರ್ಷವೇ ಅದರ ಉಪ್ಪು, ಅಂದರೆ ಎಂಎಸ್‌ಜಿ, ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಗ್ಲುಟಮೇಟ್ ಟೊಮೇಟೊದಲ್ಲಿದೆ, ಅಣಬೆಯಲ್ಲಿದೆ, ಹಳೆಯ ಚೀಸಿನಲ್ಲಿದೆ, ತಾಯಿಯ ಹಾಲಿನಲ್ಲೂ ಇದೆ. ಮಾಂಸದಲ್ಲಿ ಇನೊಸಿನೇಟ್ ಎಂಬ ಇನ್ನೊಂದು ರುಚಿಪದಾರ್ಥ ತಾನಾಗಿಯೇ ಇರುತ್ತದೆ. ಗ್ಲುಟಮೇಟ್ ಅದರ ಜೊತೆ ಸೇರಿದಾಗ ಒಂದು ಇನ್ನೊಂದನ್ನು ಎಷ್ಟೋ ಪಟ್ಟು ಎತ್ತಿಹಿಡಿಯುತ್ತದೆ. ಬಾರ್ಬೆಕ್ಯೂ ಮಸಾಲೆಗೆ ಒಂದು ಚಿಟಿಕೆ ಬಿದ್ದರೂ ಕೋಳಿ ಹೆಚ್ಚು ಕೋಳಿಯಾಗಿ ರುಚಿಸುವುದು ಹೀಗೆ. ಉಪ್ಪಿನಲ್ಲಿ ಶೇಕಡಾ 39ರಷ್ಟು ಸೋಡಿಯಂ ಇದ್ದರೆ ಅಜಿನೊಮೊಟೊದಲ್ಲಿರುವುದು ಶೇಕಡಾ 12ರಷ್ಟು ಮಾತ್ರ. ಉಪ್ಪಿನ ಒಂದು ಪಾಲನ್ನು ತೆಗೆದು ಇದನ್ನು ಹಾಕಿದರೆ ರಕ್ತದೊತ್ತಡದವರಿಗೆ ಅನುಕೂಲವೇ.

ತಲೆನೋವಿನ ಮಾತು? ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಜಿನೊಮೊಟೊವನ್ನು ಉಪ್ಪು, ವಿನೆಗರ್, ಬೇಕಿಂಗ್ ಪೌಡರ್‌ಗಳ ಸಾಲಿನಲ್ಲಿ ಇಟ್ಟಿದೆ. ಆ ಸಂಸ್ಥೆ ಬರೆಸಿದ 1995ರ ವರದಿ, ಊಟವಿಲ್ಲದೆ 3 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೇವಿಸಿದ ಕೆಲವರಿಗೆ ತಲೆನೋವಿನಂಥ ಅಲ್ಪಕಾಲದ ತೊಂದರೆ ಆಗಬಹುದು ಎಂದಿತು. ಒಂದು ಟೀ ಚಮಚ ಎಂಟು ತಟ್ಟೆಗೆ ಹಂಚಿದರೆ ಅಕ್ಕನ ಪಾಲಿಗೆ ಬಂದದ್ದು ಅರ್ಧ ಗ್ರಾಂ ಆಸುಪಾಸು, ಎರಡು ಸಲ ಹಾಕಿಸಿಕೊಂಡರೂ ಒಂದು ಗ್ರಾಂ. ತಮಗೆ ಆಗುವುದಿಲ್ಲ ಎಂದು ಹೇಳಿಕೊಂಡ 130 ಜನರನ್ನು, ಯಾವುದರಲ್ಲಿ ಏನಿದೆ ಎಂದು ತಿಳಿಸದೆ ಪರೀಕ್ಷಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಆಹಾರದ ಜೊತೆ ಕೊಟ್ಟಾಗ ಅವರ ದೂರುಗಳು ಒಂದೇ ರೀತಿ ಮರುಕಳಿಸಲಿಲ್ಲ. ಅವರೆಲ್ಲ ಒಪ್ಪಿಕೊಂಡೇ ಪರೀಕ್ಷೆಗೆ ಕೂತಿದ್ದರು ಎಂಬುದನ್ನು ಇಲ್ಲಿ ಮರೆಯಬಾರದು.

ಅಂದರೆ ರಸಾಯನದ ವಿಷಯದಲ್ಲಿ ಆತಿಥೇಯ ಸರಿ. ನನಗೆ ಕಾಣುವ ತೊಡಕು ಅಲ್ಲೇ ಶುರುವಾಗುತ್ತದೆ. ತಾನು ಸರಿ ಎಂಬ ಖಾತ್ರಿ ಇರುವವನಿಗೆ ಸುಳ್ಳು ಹೇಳುವುದು ಬಲು ಸುಲಭ. ಸುಳ್ಳಿನಿಂದ ಯಾರಿಗೂ ಕೆಡುಕಾಗಲಿಲ್ಲವಲ್ಲ ಎಂಬ ಸಮಾಧಾನ ಅವನಿಗೆ ಮೊದಲೇ ಸಿಕ್ಕಿರುತ್ತದೆ. ಆದರೆ ಅಕ್ಕ ಕೇಳಿದ್ದು ಅಜಿನೊಮೊಟೊ ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ, ಈ ತಟ್ಟೆಯಲ್ಲಿ ಇದೆಯೋ ಇಲ್ಲವೋ ಎಂದು. ಮೊದಲನೆಯದಕ್ಕೆ ಅವನ ಬಳಿ ಪುಸ್ತಕಗಟ್ಟಲೆ ಉತ್ತರವಿತ್ತು, ಎರಡನೆಯದಕ್ಕೆ ಒಂದೇ ಮಾತು ಸಾಕಿತ್ತು. ನಮ್ಮ ಮನೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಊಟಕ್ಕೆ ಬಂದರೆ, ತಿಂದರೆ ಏನಾಗುತ್ತದೆ ತೋರಿಸಿ ಎಂದು ಯಾರೂ ಪುರಾವೆ ಕೇಳುವುದಿಲ್ಲ. ಒಗ್ಗರಣೆ ಬೇರೆ ಹಾಕುತ್ತಾರೆ. ಎಂಥ ನಾಸ್ತಿಕನೂ ಬೆಳ್ಳುಳ್ಳಿ ಹಾಕಿದ ಸಾರನ್ನು ಹಾಕಿಲ್ಲ ಎಂದು ಬಡಿಸಿ, ಮರುವಾರ “ನೋಡಿದಿರಾ, ಏನೂ ಆಗಲಿಲ್ಲ” ಎನ್ನುವುದಿಲ್ಲ. ಅಕ್ಕನಿಗೆ ಆ ಮರ್ಯಾದೆ ತಪ್ಪಿದ್ದು ಏಕೆ?

ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. 2015ರ ಜೂನ್‌ನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿ ನೂಡಲ್ಸನ್ನು ಅಂಗಡಿಗಳಿಂದ ತೆಗೆಸಿದಾಗ ಸೀಸ ಮತ್ತು ಎಂಎಸ್‌ಜಿ ಎರಡೂ ಹೆಸರು ಒಟ್ಟಿಗೆ ಕೇಳಿಬಂದವು, ಜನರ ತಲೆಯಲ್ಲಿ ಎರಡೂ ಒಂದೇ ವಿಷವಾದವು. ಸೀಸದ ಆರೋಪ ಬೇರೆ. ಎಂಎಸ್‌ಜಿ ಬಗ್ಗೆ ಪ್ರಾಧಿಕಾರ ಎತ್ತಿದ ಆಕ್ಷೇಪ, ಸೇರಿಸಿಲ್ಲ ಎಂದು ಪೊಟ್ಟಣದ ಮೇಲೆ ಬರೆದದ್ದರ ಬಗ್ಗೆ. ತಾನು ಸೇರಿಸಿಯೇ ಇಲ್ಲ, ಪದಾರ್ಥಗಳಲ್ಲಿ ಸಹಜವಾಗಿರುವುದು ಅದು ಎಂದು ಕಂಪನಿ ವಾದಿಸಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಮಾಡಿತು. ಭಯ ಮಾತ್ರ ಉಳಿಯಿತು. ಇಂಥ ಭಯ ಇರುವವರ ಮುಂದೆ “ಇಲ್ಲ” ಎಂದು ಸುಳ್ಳು ಹೇಳುವುದೆಂದರೆ, ಅಡುಗೆಯವರು ಮುಚ್ಚಿಡುತ್ತಾರೆ ಎಂಬ ಅವರ ಅನುಮಾನಕ್ಕೆ ಸಾಕ್ಷಿ ಒದಗಿಸಿದಂತೆ.

ಇಲ್ಲೊಂದು ಆಕ್ಷೇಪಕ್ಕೆ ತೂಕವಿದೆ. ಎಲ್ಲ ತಪ್ಪು ನಂಬಿಕೆಗೂ ಹೀಗೆ ತಲೆಬಾಗಬೇಕೇ? 1968ರಲ್ಲಿ ರಾಬರ್ಟ್ ಹೋ ಮನ್ ಕ್ವಾಕ್ ಎಂಬ ವೈದ್ಯರು, ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಕತ್ತಿನ ಹಿಂಭಾಗ ಜೋಮು ಹಿಡಿಯುತ್ತದೆ ಎಂದು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಕಾಗದ ಬರೆದರು. ಸೋಯಾ ಸಾಸ್, ಅಡುಗೆ ವೈನ್, ಸೋಡಿಯಂ ಎಲ್ಲದರ ಮೇಲೂ ಅವರಿಗೆ ಶಂಕೆಯಿತ್ತು. ದೂಷಣೆ ಎಂಎಸ್‌ಜಿ ಒಂದರ ಮೇಲೆ ಬಿತ್ತು, ಕಳಂಕ ಚೀನೀ ಅಡುಗೆಯವರಿಗೆ ಅಂಟಿತು. ಅದೇ ಪುಡಿ ಇದ್ದ ಡಬ್ಬಿ ಸೂಪನ್ನು ಜನ ಉಣ್ಣುತ್ತಲೇ ಇದ್ದರು. ಇಂಥ ಅನ್ಯಾಯವನ್ನು ಎದುರಿಸಲೇಬೇಕು, ಜೋರಾಗಿ ಎದುರಿಸಬೇಕು. ಊಟಕ್ಕೆ ಮುಂಚೆ ಅಕ್ಕನ ಜೊತೆ ಆತಿಥೇಯ ವಾದಿಸಬಹುದಿತ್ತು. ವಾದಿಸದೆ ಬಾಯಿಗೆ ಹಾಕಿದ.

ಪ್ರಕರಣವನ್ನು ಸ್ವಲ್ಪ ಬದಲಿಸಿ ನೋಡೋಣ. ಯಾರೂ ಕೇಳದಿದ್ದರೆ ಅವನು ಹೇಳಬೇಕಾಗಿರಲಿಲ್ಲ. ಪ್ಯಾಪ್ರಿಕಾ ಎಷ್ಟು ಹಾಕಿದೆ ಎಂದು ಯಾರೂ ಘೋಷಿಸುವುದಿಲ್ಲ. ಅಜಿನೊಮೊಟೊ ಬಿಟ್ಟು ಯೀಸ್ಟ್ ಸಾರದ ಪುಡಿ ಬೆರೆಸಿ “ಅಜಿನೊಮೊಟೊ ಇಲ್ಲ ಅಕ್ಕ” ಎಂದಿದ್ದರೆ? ಅಕ್ಷರಕ್ಕೆ ನಿಜ, ಅರ್ಥಕ್ಕೆ ಸುಳ್ಳು, ಏಕೆಂದರೆ ಯೀಸ್ಟ್ ಸಾರದಲ್ಲೂ ಅದೇ ಗ್ಲುಟಮೇಟ್ ಇದೆ. ಅಂಥ ಪದಾರ್ಥ ಹಾಕಿದ ಪೊಟ್ಟಣದ ಮೇಲೆ ಎಂಎಸ್‌ಜಿ ಇಲ್ಲ ಎಂದು ಬರೆಯಲು ಅಮೆರಿಕದ ನಿಯಮವೂ ಬಿಡುವುದಿಲ್ಲ.

ಇನ್ನುಳಿದದ್ದು, ಈಗೇನು ಮಾಡಬೇಕು ಎಂಬುದು. ತಿಂದಾಗಿದೆ, ಏನೂ ಆಗಿಲ್ಲ, ಸುಮ್ಮನಿರಲಿ ಎನ್ನುವವರು ಹಲವರಿದ್ದಾರೆ. ನಾನು ಒಪ್ಪುವುದಿಲ್ಲ. ತಮ್ಮನಿಗೆ ಗೊತ್ತಿರುವ, ಅಕ್ಕನಿಗೆ ಗೊತ್ತಿಲ್ಲದ ವಿಷಯ ಆಕೆಯದೇ ದೇಹದ್ದು. ತಮ್ಮನ ಬಾಯಿಂದ ಕೇಳುವ ಮೊದಲು ಆತಿಥೇಯನೇ ಅಕ್ಕನಿಗೆ ಫೋನ್ ಮಾಡಬೇಕು. ಹಾಕಿದ್ದೆ, ಇಲ್ಲ ಎಂದು ಸುಳ್ಳು ಹೇಳಿದೆ, ತಪ್ಪಾಯಿತು ಅನ್ನಬೇಕು. ಇಕೆಡ, 1995ರ ವರದಿ, ಅರ್ಧ ಗ್ರಾಮಿನ ಲೆಕ್ಕ ಇವೊಂದೂ ಆ ಫೋನಿನಲ್ಲಿ ಬರಬಾರದು. ಅಕ್ಕ ಬೈಯಬಹುದು. ಅವತ್ತು ರಾತ್ರಿ ತಲೆ ಸ್ವಲ್ಪ ಭಾರವಾಗಿತ್ತು ಎಂದು ಈಗ ನೆನಪಿಸಿಕೊಳ್ಳಲೂಬಹುದು. ಅದನ್ನು ಅಲ್ಲಗಳೆಯುವ ಹಕ್ಕನ್ನು ಅವನು ಅವತ್ತೇ ಕಳೆದುಕೊಂಡಿದ್ದಾನೆ.