ತನ್ನ ತಲೆಯ ಮೇಲೆ ತನ್ನದೇ ಕೈ

ಭಸ್ಮಾಸುರ ಮೋಹಿನಿಯ ಆಟ ನೋಡಿದವರಿಗೆ ಗೊತ್ತು, ಅಲ್ಲಿ ರಾಕ್ಷಸನನ್ನು ಯಾರೂ ಹೊಡೆಯುವುದಿಲ್ಲ. ಮೋಹಿನಿ ಕುಣಿಯುತ್ತಾಳೆ, ಅವಳ ಕೈ ಹೋದತ್ತ ಅವನ ಕೈಯೂ ಹೋಗುತ್ತದೆ. ಕೊನೆಗೆ ಅವನನ್ನು ಸುಡುವುದು ಅವನೇ ಬೇಡಿ ಪಡೆದ ವರ. ಭಯೋತ್ಪಾದನೆಯ ಮಾತು ಬಂದಾಗ ನಮ್ಮ ಪತ್ರಿಕೆಗಳು ಭಸ್ಮಾಸುರನನ್ನು ಕರೆತರುವುದು ವರ ಕೊಟ್ಟವನನ್ನೇ ಅಟ್ಟಿಸಿಕೊಂಡು ಹೋದವನೆಂದು. ನನಗೆ ಬೇಕಿರುವುದು ಕಥೆಯ ಉತ್ತರಾರ್ಧ, ಆ ಕುಣಿತ. (ಅಲ್ ಕೈದಾದ ನಾಯಕ ಬಿನ್ ಲಾಡೆನ್‌ನನ್ನು ಮೋಹಿನಿಯ ಜಾಗದಲ್ಲಿ ನಿಲ್ಲಿಸಲು ಮುಜುಗರವಾಗುತ್ತದೆ. ಹೋಲಿಕೆ ಉಪಾಯಕ್ಕಷ್ಟೇ.)

ಎದುರಾಳಿಯ ಕೈಯಿಂದಲೇ ಅವನನ್ನು ಕೆಡವುವ ಈ ಉಪಾಯವನ್ನು ರಾಜಕೀಯ ಚಿಂತಕರು ಪ್ರಚೋದನೆಯ ತಂತ್ರ ಎನ್ನುತ್ತಾರೆ. ಸೈನಿಕ ಶತ್ರುವಿನ ಬಲ ಕುಗ್ಗಿಸಲು ನೋಡಿದರೆ, ಭಯೋತ್ಪಾದಕ ಆ ಬಲವನ್ನೇ ತನ್ನ ಕೆಲಸಕ್ಕೆ ಹಚ್ಚಲು ನೋಡುತ್ತಾನೆ. ಅಮೆರಿಕದ ಡೇವಿಡ್ ಫ್ರಾಮ್ಕಿನ್ 1975ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದಕ್ಕೆ ಅಲ್ಜೀರಿಯಾದ ಉದಾಹರಣೆ ಕೊಟ್ಟರು. ಅಲ್ಜೀರಿಯಾ ಬೇರೆ ದೇಶವೇ ಅಲ್ಲ, ತನ್ನದೇ ನೆಲ ಎಂಬುದು ಫ್ರಾನ್ಸಿನ ವಾದ. 1954ರಲ್ಲಿ ಬಂಡುಕೋರರ ದಾಳಿ ಶುರುವಾದ ಮೇಲೆ ಫ್ರೆಂಚರು ಅಲ್ಲಿನವರನ್ನೆಲ್ಲ ಶಂಕಿತರಂತೆ ಕಾಣತೊಡಗಿದರು. ಯುರೋಪಿನ ಮುಖದವನನ್ನು ಸುಮ್ಮನೆ ಬಿಟ್ಟು, ಅಲ್ಜೀರಿಯದವನನ್ನು ಬೀದಿಯಲ್ಲಿ ನಿಲ್ಲಿಸಿ ಜೇಬು ತಡಕಿದಾಗ, ನೀನು ನಮ್ಮವನಲ್ಲ ಎಂದು ಫ್ರಾನ್ಸೇ ಒಪ್ಪಿಕೊಂಡಂತಾಯಿತು. ಬಂಡುಕೋರರು ಎಷ್ಟು ಭಾಷಣ ಮಾಡಿದ್ದರೂ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು.

ಬಿನ್ ಲಾಡೆನ್ ಇದಕ್ಕೆ ಲೆಕ್ಕಪುಸ್ತಕ ಸೇರಿಸಿದ. 2004ರ ಅಕ್ಟೋಬರ್‌ನಲ್ಲಿ ಅಲ್ ಜಜೀರಾ ಪ್ರಸಾರ ಮಾಡಿದ ವಿಡಿಯೊದಲ್ಲಿ ಅವನು ಮಾತಾಡಿದ್ದು ಹೆಚ್ಚುಕಡಿಮೆ ಸೇಠುವಿನ ಹಾಗೆ. 2001ರ ಸೆಪ್ಟೆಂಬರ್ 11ರ ದಾಳಿಗೆ ತಮಗೆ ತಗಲಿದ ಖರ್ಚು 5 ಲಕ್ಷ ಡಾಲರ್, ಅಮೆರಿಕಕ್ಕಾದ ನಷ್ಟ 50,000 ಕೋಟಿ ಡಾಲರ್, ಅಂದರೆ ಒಂದಕ್ಕೆ ಹತ್ತು ಲಕ್ಷ. ದಿವಾಳಿಯಾಗುವ ತನಕ ಅಮೆರಿಕದ ರಕ್ತ ಬಸಿಯುವುದೇ ನೀತಿ ಎಂದ. ದೂರದ ಮೂಲೆಯೊಂದರಲ್ಲಿ ಇಬ್ಬರು ಅಲ್ ಕೈದಾ ಎಂದು ಬರೆದ ಬಟ್ಟೆಯ ತುಂಡು ಎತ್ತಿ ಹಿಡಿದರೂ ಸಾಕು, ಜನರಲ್‌ಗಳು ಅಲ್ಲಿಗೆ ಓಡುತ್ತಾರೆ ಎಂದು ಲೇವಡಿಯನ್ನೂ ಮಾಡಿದ. ಸೆಪ್ಟೆಂಬರ್ 11ರ ದಾಳಿಗೂ ಇರಾಕಿನ ಸದ್ದಾಂ ಹುಸೇನನಿಗೂ ಸಂಬಂಧವಿರಲಿಲ್ಲ. ಆದರೂ 2003ರಲ್ಲಿ ಅಮೆರಿಕದ ಸೇನೆ ಬಾಗ್ದಾದಿಗೆ ಹೋಗಿತ್ತು. ಮುಂದೆ ಐಸಿಸ್ ಬೆಳೆದದ್ದು ಅದೇ ಇರಾಕಿನಲ್ಲಿ. ಸೆಪ್ಟೆಂಬರ್ 11ರ ನಂತರದ ಯುದ್ಧಗಳ ಒಟ್ಟು ಖರ್ಚು 8 ಲಕ್ಷ ಕೋಟಿ ಡಾಲರ್ ಎಂದು ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಅಂದಾಜು ಮಾಡಿದರು.

ಹಾಗೆಂದು ಬಿನ್ ಲಾಡೆನ್‌ನನ್ನು ಚಾಣಕ್ಯನನ್ನಾಗಿ ಮಾಡಬೇಕಿಲ್ಲ. 1983ರಲ್ಲಿ ಬೈರೂತ್‌ನಲ್ಲಿ, 1993ರಲ್ಲಿ ಮೊಗದಿಶುವಿನಲ್ಲಿ ಪೆಟ್ಟು ತಿಂದ ಅಮೆರಿಕ ಜಾಗ ಖಾಲಿ ಮಾಡಿತ್ತು. ಈ ಸಲವೂ ಹೊರಟುಹೋದೀತು ಎಂಬ ಆಸೆ ಅವನ ಹಳೆಯ ಮಾತುಗಳಲ್ಲಿ ಕಾಣುತ್ತದೆ. ರಕ್ತ ಬಸಿಯುವ ಸಿದ್ಧಾಂತದಲ್ಲಿ ಒಂದಿಷ್ಟು, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿಯದು ಎಂದೇ ನನ್ನ ಅನುಮಾನ. ತನಗೆ ಆಸರೆ ಕೊಟ್ಟ ಅಫ್ಘಾನಿಸ್ತಾನವನ್ನು ಅವನು ಕೆಲವೇ ತಿಂಗಳಲ್ಲಿ ಕಳೆದುಕೊಂಡ. ಅದೇ ಅಫ್ಘಾನಿಸ್ತಾನದಲ್ಲಿ ಕಾದಾಡಿ ಸೋವಿಯತ್ ಒಕ್ಕೂಟವನ್ನು ಕೆಡವಿದ್ದೇ ನಾವು ಎಂಬ ಅವನ ನಂಬಿಕೆಯಂತೂ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂಬಂಥದ್ದು. ಅಮೆರಿಕ ದಿವಾಳಿಯೂ ಆಗಲಿಲ್ಲ.

ಆದರೂ ತಂತ್ರದ ಒಂದು ಗುಣ ಉಳಿಯಿತು: ಇಲ್ಲಿ ಸೋತ ದಾಳಿಗೂ ಫಲವಿದೆ. 2010ರ ಅಕ್ಟೋಬರ್‌ನಲ್ಲಿ ಯೆಮೆನ್‌ನಿಂದ ಷಿಕಾಗೋ ವಿಳಾಸಕ್ಕೆ ಎರಡು ಪ್ರಿಂಟರ್ ಪಾರ್ಸೆಲ್ ಹೊರಟವು, ಒಳಗೆ ಸ್ಫೋಟಕ. ಒಂದು ದುಬೈನಲ್ಲಿ, ಇನ್ನೊಂದು ಇಂಗ್ಲೆಂಡಿನಲ್ಲಿ ಸಿಕ್ಕಿಬಿತ್ತು, ಯಾರೂ ಸಾಯಲಿಲ್ಲ. ಮರುತಿಂಗಳೇ ಅಲ್ ಕೈದಾದ ಯೆಮೆನ್ ಶಾಖೆ ತನ್ನ ಪತ್ರಿಕೆಯಲ್ಲಿ ಇದನ್ನು ಗೆಲುವೆಂದು ಬರೆದುಕೊಂಡಿತು. ತಗಲಿದ್ದು 4,200 ಡಾಲರ್. ಲೋಕದ ಪಾರ್ಸೆಲ್‌ಗಳನ್ನೆಲ್ಲ ಜಾಲಾಡುವ ಖರ್ಚು ಶತ್ರುವಿನದು.

ಇದಕ್ಕೂ ಮೊದಲು, 2001ರ ಡಿಸೆಂಬರ್ 22ರಂದು, ಪ್ಯಾರಿಸ್‌ನಿಂದ ಮಯಾಮಿಗೆ ಹೊರಟ ವಿಮಾನದಲ್ಲಿ ರಿಚರ್ಡ್ ರೀಡ್ ಎಂಬಾತ ಸ್ಫೋಟಕ ಅಡಗಿಸಿದ್ದ ತನ್ನ ಬೂಟಿಗೆ ಕಡ್ಡಿ ಗೀರಿದ್ದ. ಬೂಟು ಸಿಡಿಯಲಿಲ್ಲ. 2006ರಲ್ಲಿ ಅಮೆರಿಕ ಎಲ್ಲ ಪ್ರಯಾಣಿಕರ ಬೂಟು ಬಿಚ್ಚಿಸುವ ನಿಯಮ ತಂದಿತು. ಮಗಳ ಬಾಣಂತನಕ್ಕೆ ಹೋದ ನಮ್ಮೂರ ಅಮ್ಮಂದಿರೂ ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ಚಪ್ಪಲಿಯನ್ನು ಟ್ರೇಯಲ್ಲಿಟ್ಟು ಬರಿಗಾಲಲ್ಲಿ ನಿಂತರು. ಆ ನಿಯಮ ತೆಗೆದದ್ದು 2025ರ ಜುಲೈನಲ್ಲಿ.